ಬುಗುರಿ ಕೆತ್ತುವ ಗುಂಪಿಗೆ

ಹೊರಗೆ ಗುಂಪಾಗಿ ಕೂತು ಮರದ ಆಟಿಕೆ ಕೆತ್ತಬೇಕು ಅನ್ನುವವರು ಬೆರಳಲ್ಲಿ ತಿರುಗಿಸುವ ಬುಗುರಿಯಿಂದಲೇ ಶುರು ಮಾಡಿ.

ಮೊದಲು ಜಾಗ. ಕೈ ಚಾಚಿದರೆ ಪಕ್ಕದವರಿಗೆ ಚಾಕು ತಾಗದಷ್ಟು ಅಂತರ ಇರಲಿ. ತೊಡೆಗಳ ನಡುವೆ ಕೆತ್ತಲೇಬಾರದು, ಅಲ್ಲಿ ದೊಡ್ಡ ರಕ್ತನಾಳವಿದೆ. ಮೊಣಕೈಗಳನ್ನು ಮಂಡಿಯ ಮೇಲೂರಿ, ಮುಂದೆ ಬಾಗಿ, ಅಲಗನ್ನು ಹೊರಮುಖವಾಗಿ ಓಡಿಸಿ. ಹರಿತವಿಲ್ಲದ ಚಾಕುವೇ ಹೆಚ್ಚು ಅಪಾಯ. ಬಲ ಹಾಕಿ ಒತ್ತಿದಾಗಲೇ ಅದು ಜಾರುವುದು.

ಗಂಟಿಲ್ಲದ, ನೇರವಾದ ಹಸಿ ಕೊಂಬೆ ಬೇಕು: 2.5 ಸೆಂ.ಮೀ. ದಪ್ಪ, ಹಿಡಿಯಲು ಸಲೀಸಾಗುವಂತೆ 20 ಸೆಂ.ಮೀ. ಉದ್ದ. ತುದಿಯನ್ನು ಪೆನ್ಸಿಲ್ ಚೂಪು ಮಾಡಿದಂತೆ ಹೆರೆಯಿರಿ, ಆದರೆ ಕೋನ ಅಗಲವಾಗಿರಲಿ. ಮೊನೆ ನಟ್ಟನಡುವೆ ಬರಬೇಕು, ಇಲ್ಲದಿದ್ದರೆ ಬುಗುರಿ ಓಲಾಡುತ್ತದೆ. ಮೊನೆಯಿಂದ 3 ಸೆಂ.ಮೀ. ಮೇಲೆ ಗರಗಸದಿಂದ ಸುತ್ತಲೂ 8 ಮಿ.ಮೀ. ಆಳದ ಗೀರು ಹಾಕಿ. ಈ ಗೀರನ್ನು ಯಾರೂ ಬಿಡಬಾರದು. ಗೀರಿನ ಮೇಲಿನ ಭಾಗವೇ ಹಿಡಿಕೆ. ಅದನ್ನು ತೆಳು ಮಾಡುವಾಗ ಸೀಳು ಗೀರಿಗೇ ನಿಲ್ಲುತ್ತದೆ. ಗೀರಿಲ್ಲದಿದ್ದರೆ ಅಲಗು ಎಳೆಯ ಗುಂಟ ಓಡಿ ಬುಗುರಿಯ ಹೊಟ್ಟೆಯನ್ನೇ ಸೀಳಿಬಿಡುತ್ತದೆ. ಹಿಡಿಕೆ 6 ಮಿ.ಮೀ. ದಪ್ಪಕ್ಕೆ ಬಂದಮೇಲೆ ಗೀರಿನಿಂದ 3 ಸೆಂ.ಮೀ. ಬಿಟ್ಟು ಕತ್ತರಿಸಿ.

ಗುಂಪಿನಲ್ಲಿ ಕೆತ್ತುವಾಗ ಮಾತು ತಾನಾಗಿ ಕಡಿಮೆಯಾಗುತ್ತದೆ. ಅವಸರ ಮಾಡಿಸದ ಆಟ ಮಕ್ಕಳಿಗೆ ಈಗ ಎಷ್ಟು ಅಪರೂಪ! ಮೊದಲು ಮುಗಿಸಿದವರು ಯಾರು ಅನ್ನುವ ಸ್ಪರ್ಧೆ ಮಾತ್ರ ಬೇಡವೇ ಬೇಡ.

ಹಸಿ ಮರ ಬಿಸಿಲಲ್ಲಿ ಬೇಗ ಒಣಗಿದರೆ ಬಿರಿಯುತ್ತದೆ. ಹೆರೆದ ಸಿಪ್ಪೆಯ ಜೊತೆ ಕಾಗದದ ಚೀಲದಲ್ಲಿ ಹಾಕಿ ಕೆಲವು ದಿನ ನೆರಳಲ್ಲಿಡಿ, ಬಣ್ಣ ಆಮೇಲೆ.