‘ಅದೇ ಆಟ ಮೊಬೈಲಿನಲ್ಲೇ ಸಿಗುತ್ತದಲ್ಲ?’

ಇಲ್ಲ, ಸಿಗುವುದಿಲ್ಲ. ಕಳೆದ ನಾಲ್ಕು ವರ್ಷಗಳಲ್ಲಿ ನಮ್ಮ ಹಜಾರಕ್ಕೆ ಕಾಲಿಟ್ಟ ನೆಂಟರಿಗೆ, ಸಹೋದ್ಯೋಗಿಗಳಿಗೆ, ನೀರಿನ ಫಿಲ್ಟರ್ ರಿಪೇರಿಗೆ ಬಂದವರಿಗೆ, ಒಮ್ಮೆ ಸತ್ಯನಾರಾಯಣ ಪೂಜೆ ಮಾಡಿಸಲು ಬಂದ ಪುರೋಹಿತರಿಗೂ ಇದನ್ನು ನಗುನಗುತ್ತಲೇ ವಿವರಿಸಿದ್ದೇನೆ. ನಗುವ ಶಕ್ತಿ ಮುಗಿದಿರುವುದರಿಂದ ಈಗ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರ ಕೈಗೆ ಕಾಫಿಯ ಲೋಟದೊಂದಿಗೆ ಇದನ್ನೂ ಕೊಟ್ಟು ಒಳಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ.

ಪ್ರಶ್ನೆಗೆ ಕಾರಣವಾದ ವಸ್ತು ಐದೂವರೆ ಅಡಿ ಎತ್ತರದ, ಪ್ಲೈವುಡ್ಡಿನ ಮೇಲೆ ಕಪ್ಪು ಸನ್‌ಮೈಕಾ ಅಂಟಿಸಿದ ಒಂದು ವಿಡಿಯೋ ಗೇಮ್ ಯಂತ್ರ. 1990ರ ದಶಕದ ಕೊನೆಯಲ್ಲಿ ಅದು ದಾವಣಗೆರೆಯ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ ರೂಪಾಯಿಗೊಂದು ಆಟ ಕೊಡುತ್ತಿತ್ತು. ಟ್ಯೂಷನ್ನಿಗೆಂದು ಮನೆ ಬಿಟ್ಟ ನಾನು ಎಷ್ಟೋ ಸಂಜೆ ಅದರ ಮುಂದೆ ನಿಂತಿರುತ್ತಿದ್ದೆ. ಮುಂದೆ ಆ ಅಂಗಡಿ ಸೈಬರ್ ಕೆಫೆಯಾಯಿತು, ಕೆಫೆ ಮುಚ್ಚಿ ಮೊಬೈಲ್ ರೀಚಾರ್ಜ್ ಅಂಗಡಿಯಾಯಿತು; ಯಂತ್ರ ಮಾತ್ರ ಹಿಂದಿನ ಗೋದಾಮಿನಲ್ಲಿ ಅಕ್ಕಿ ಚೀಲಗಳ ನಡುವೆ ಗೋಡೆಗೆ ಮುಖ ಮಾಡಿ ನಿಂತೇ ಇತ್ತು. ಮಾಲೀಕರ ಮಗನಿಗೆ ಎಂಟು ಸಾವಿರ ಕೊಟ್ಟು ಅದನ್ನು ಬೆಂಗಳೂರಿಗೆ ತಂದೆ. ಒಳಗೆ ಕಂಪ್ಯೂಟರ್ ಕೂರಿಸಿ, ಹಳೆಯ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಹಾಕಿ, ಒಂದರ ಬದಲು ನೂರಾರು ಆಟ ಆಡಬಲ್ಲ ಯಂತ್ರವಾಗಿ ಮಾರ್ಪಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಒಟ್ಟು ಖರ್ಚನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದನ್ನು ನನ್ನ ಹೆಂಡತಿಯೂ ಓದುತ್ತಾಳೆ.

ಈ ಪ್ರಶ್ನೆ ಅತ್ಯಂತ ಕೆಟ್ಟದಾಗಿ ಬಂದದ್ದು ಹೋದ ವರ್ಷದ ಗೌರಿ ಹಬ್ಬದ ದಿನ. ಊಟ ಮುಗಿದು ಎಲ್ಲರೂ ಹಜಾರದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ನನ್ನ ಭಾವಮೈದುನ ಯಂತ್ರದ ಪಕ್ಕೆಯನ್ನು ಎರಡು ಸಲ ತಟ್ಟಿ, “ಅಲ್ಲ ಭಾವ, ಇದೇ ಗೇಮು ನನ್ನ ಮೊಬೈಲಲ್ಲೇ ಫ್ರೀಯಾಗಿ ಸಿಗತ್ತೆ. ಇಷ್ಟಕ್ಕೆ ಇಷ್ಟು ದೊಡ್ಡ ಬೀರು ಯಾಕೆ?” ಎಂದ. ಹತ್ತು ಹನ್ನೆರಡು ಜನ ನಕ್ಕರು. ನನ್ನ ಅತ್ತೆಯವರು, ಪಾಪ, ನನ್ನ ಪರವಾಗಿ ಮಾತಾಡುವ ಸದುದ್ದೇಶದಿಂದ, “ಇರಲಿ ಬಿಡೋ, ಮೇಲೆ ಹಾಸಿಗೆ ಬಟ್ಟೆ ಇಡಕ್ಕಾದರೂ ಆಗತ್ತೆ” ಎಂದರು.

ಬೀರು ಎಂದದ್ದನ್ನು ಕ್ಷಮಿಸಿದ್ದೇನೆ. ದೂರದಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಆದರೆ ಅವನ ವಾಕ್ಯದಲ್ಲಿದ್ದ ‘ಇದೇ’ ಎಂಬ ಪದವನ್ನು ಇನ್ನೂ ಕ್ಷಮಿಸಿಲ್ಲ. ಕೇಳುವವರೆಲ್ಲರೂ ಆ ಒಂದು ಪದದಲ್ಲಿ ತೀರ್ಪನ್ನು ಮೊದಲೇ ಬರೆದಿಟ್ಟು, ಆಮೇಲೆ ಅದರ ಬಾಲಕ್ಕೆ ‘ಯಾಕೆ’ ಎಂಬುದೊಂದನ್ನು ಕಟ್ಟಿ ಪ್ರಶ್ನೆಯೆಂದು ನನ್ನ ಮುಂದಿಡುತ್ತಾರೆ. ಒಪ್ಪಿಕೊಂಡರೆ ನಾನು ಮೂರ್ಖ, ವಾದಿಸಿದರೆ ಹುಚ್ಚ.

ಆ ದಿನ ಅವನು ಮೊಬೈಲ್ ತೆಗೆದು ತೋರಿಸಿಯೂ ಬಿಟ್ಟ. ಆಟ ನಮ್ಮೂರಿನಲ್ಲಿ ಎಲ್ಲರೂ ‘ಮುಸ್ತಫಾ’ ಎಂದು ಕರೆಯುತ್ತಿದ್ದದ್ದು. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಆಟದಲ್ಲಿ ನಾಲ್ವರು ನಾಯಕರಿದ್ದರೂ, ಓಡಿಬಂದು ಹಾರಿ ಒದೆಯುವ ಮುಸ್ತಫಾನ ಹೆಸರೇ ಇಡೀ ಆಟಕ್ಕೆ ಅಂಟಿಕೊಂಡಿತ್ತು. ಮೂಲ ಚಿತ್ರ ಅಡ್ಡಕ್ಕೆ 384, ಉದ್ದಕ್ಕೆ 224 ಚುಕ್ಕೆಗಳದ್ದು, ಅದನ್ನು ನಾಲ್ಕಕ್ಕೆ ಮೂರರ ಅನುಪಾತದ ಹಳೆಯ ಟಿವಿ ಪರದೆಗೆಂದು ರಚಿಸಲಾಗಿತ್ತು. ಭಾವಮೈದುನನ ಮೊಬೈಲು ಅದನ್ನು ಪರದೆಯ ಅಂಚಿನಿಂದ ಅಂಚಿಗೆ ಎಳೆದು ಹಿಗ್ಗಿಸಿತ್ತು. ಮುಸ್ತಫಾ ಮದುವೆಯಾಗಿ ಹತ್ತು ವರ್ಷವಾದವನಂತೆ ಅಗಲವಾಗಿದ್ದ. ಗಾಜಿನ ಮೇಲೆ ಎರಡು ಹೆಬ್ಬೆರಳು ಇಟ್ಟರೆ ಶತ್ರುಗಳಲ್ಲಿ ಅರ್ಧದಷ್ಟು ಮಂದಿ ಬೆರಳುಗಳ ಕೆಳಗೇ ಮಾಯವಾಗುತ್ತಿದ್ದರು. ಇದು ‘ಅದೇ’ ಆಟವಂತೆ.

ವ್ಯತ್ಯಾಸ ಎಲ್ಲಿದೆ ಎಂಬುದನ್ನು ಒಂದೇ ಸಲ ಹೇಳಿ ಮುಗಿಸುತ್ತೇನೆ. ಆಟ ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ತೋರಿಸುತ್ತದೆ, ಎಂದರೆ ಒಂದು ಚಿತ್ರಕ್ಕೆ 17 ಮಿಲಿಸೆಕೆಂಡಿಗಿಂತ ಸ್ವಲ್ಪ ಕಡಿಮೆ ಸಮಯ. ಪಿಕ್ಚರ್ ಟ್ಯೂಬಿರುವ ಯಂತ್ರದಲ್ಲಿ, ಆಟವನ್ನು ನಡೆಸುವ ಚಿಪ್ಪುಗಳ ಬೋರ್ಡು ಕಳಿಸಿದ ಗೆರೆಯನ್ನು ಎಲೆಕ್ಟ್ರಾನ್ ಕಿರಣ ಆ ಕ್ಷಣದಲ್ಲೇ ಗಾಜಿನ ಮೇಲೆ ಎಳೆಯುತ್ತದೆ, ನಡುವೆ ಚಿತ್ರವನ್ನು ಹಿಡಿದಿಟ್ಟುಕೊಂಡು ಯೋಚಿಸುವವರು ಯಾರೂ ಇಲ್ಲ. ಹೊಸ ಪರದೆಗಳಲ್ಲಿ ಸ್ಪರ್ಶವನ್ನು ಗುರುತಿಸುವುದು, ಚಿತ್ರವನ್ನು ಹಿಗ್ಗಿಸುವುದು, ಪರದೆಗೆ ಕಳಿಸುವುದು ಎಂದು ಪ್ರತಿ ಹಂತದಲ್ಲೂ ಒಂದಿಷ್ಟು ತಡವಾಗಿ, ಒಟ್ಟಾರೆ ನಾಲ್ಕಾರು ಚಿತ್ರಗಳಷ್ಟು ಹಿಂದೆ ಬೀಳುವುದು ಸಾಮಾನ್ಯ. ಕಣ್ಣಿಗೆ ಇದು ಕಾಣದೆಯೂ ಇರಬಹುದು, ಆದರೆ ಒದೆ ಬೀಳುವ ಹೊತ್ತಿಗೆ ಹಾರಬೇಕಾದ ಕೈಗೆ ಗೊತ್ತಾಗುತ್ತದೆ. ಇದರ ಮೇಲೆ ಜಾಯ್‌ಸ್ಟಿಕ್ಕಿನ ವಿಷಯವಿದೆ. ಅದರ ಬುಡದಲ್ಲಿ ನಾಲ್ಕು ಪುಟ್ಟ ಸ್ವಿಚ್ಚುಗಳಿದ್ದು, ದಿಕ್ಕು ಬದಲಾದಾಗಲೆಲ್ಲ ‘ಟಿಕ್’ ಎಂದು ಅಂಗೈಗೆ ತಿಳಿಸುತ್ತವೆ. ಕೆಳಗಿನ ತಡೆಪಟ್ಟಿಯನ್ನು ಎಂಟು ದಿಕ್ಕಿಗೆ ಬಿಟ್ಟರೆ ಮುಸ್ತಫಾ ಸರಾಗವಾಗಿ ಓಡುತ್ತಾನೆ, ಆದರೆ 1980ರ ಪ್ಯಾಕ್‌ಮ್ಯಾನ್ ಮೂಲೆಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಅದು ನಾಲ್ಕೇ ದಿಕ್ಕಿನ ಆಟ. ಹಾಗಾಗಿ ಆಟ ಬದಲಿಸುವಾಗ ನಾನು ಹಲಗೆ ಎತ್ತಿ ಆ ತಡೆಪಟ್ಟಿಯನ್ನೂ ತಿರುಗಿಸುತ್ತೇನೆ. ಹೌದು, ಪ್ರತಿ ಸಲವೂ.

‘ಫ್ರೀ’ ಎಂಬುದರ ಬಗ್ಗೆಯೂ ಎರಡು ಮಾತು ಹೇಳಬೇಕು. ಈ ಆಟ ಒಂದು ಅಮೆರಿಕನ್ ಕಾಮಿಕ್ಸ್ ಸರಣಿಯ ಹಕ್ಕನ್ನು ಪಡೆದು ಮಾಡಿದ್ದು, ಮನೆಯ ಯಂತ್ರಗಳಿಗೆ ಅಧಿಕೃತವಾಗಿ ಬಂದೇ ಇಲ್ಲ. ದುಡ್ಡು ಕೊಟ್ಟು ಕೊಳ್ಳೋಣವೆಂದರೂ ಮಾರುವವರಿಲ್ಲ. ಇದರಿಂದ ಕಾನೂನು ನನ್ನ ಪರವಾಗುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ಪುಕ್ಕಟೆ ಸಿಕ್ಕ ಆಟವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಭಾವಮೈದುನ ನನಗೆ ಪೈರಸಿಯ ಬಗ್ಗೆ ಪಾಠ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೂ ನನಗೆ ಸಮಾಧಾನವಿಲ್ಲ, ಏಕೆಂದರೆ ಇದು ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಇಂಥ ಯಂತ್ರವನ್ನು ಮಾರ್ಪಡಿಸಿದವನನ್ನು ನಿಜಕ್ಕೂ ಕಟಕಟೆಯಲ್ಲಿ ನಿಲ್ಲಿಸುವ ಪ್ರಶ್ನೆಯೊಂದಿದೆ: ಒಳಗೆ ಮೊದಲೇ ಇದ್ದದ್ದನ್ನು ಏನು ಮಾಡಿದಿರಿ? ಹಳೆಯ ಯಂತ್ರಗಳನ್ನು ಕೊಂಡು, ಟ್ಯೂಬು, ವೈರು, ಬೋರ್ಡು ಎಲ್ಲವನ್ನೂ ಕಿತ್ತು ಗುಜರಿಗೆ ಹಾಕಿ, ಖಾಲಿ ಪೆಟ್ಟಿಗೆಗೆ ಎಲ್‌ಇಡಿ ಪರದೆಯನ್ನೂ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನೂ ತುಂಬುವವರು ಬಹಳ ಮಂದಿ ಇದ್ದಾರೆ. ಅದು ಸುಲಭ, ಅಗ್ಗ, ಒಂದು ವಾರಾಂತ್ಯದ ಕೆಲಸ. ಹಾಗೆ ಮಾಡಿದವರಿಗೆ ‘ಬೀರು’ ಎಂಬ ಬೈಗುಳ ನಿಜಕ್ಕೂ ಸಲ್ಲುತ್ತದೆ.

ನನ್ನ ಯಂತ್ರದೊಳಗೆ ಏನಿತ್ತೆಂದರೆ, ದೊಡ್ಡದೊಂದು ಬೋರ್ಡು, ಅದರ ಅಂಚಿಗೆ ಕಚ್ಚಿಕೊಂಡಿದ್ದ ಉದ್ದನೆಯ ಕನೆಕ್ಟರು, ಅಲ್ಲಿಂದ ಟಿವಿಗೂ ಸ್ಪೀಕರಿಗೂ ಬಟನ್ನುಗಳಿಗೂ ಹೋಗುವ ಬಣ್ಣಬಣ್ಣದ ವೈರುಗಳ ಜಡೆ. ಆ ಕನೆಕ್ಟರಿನ ಹೆಸರು ಜಾಮಾ. ಜಪಾನಿನ ಮನರಂಜನಾ ಯಂತ್ರ ತಯಾರಕರ ಸಂಘ 1985ರಲ್ಲಿ ನಿಗದಿ ಮಾಡಿದ ಆ ಪದ್ಧತಿಯಲ್ಲಿ ಒಂದೊಂದು ಬದಿಗೆ 28ರಂತೆ 56 ಸಂಪರ್ಕಗಳಿದ್ದು, ಯಾವ ಸಂಪರ್ಕದಲ್ಲಿ 5 ವೋಲ್ಟು, ಯಾವುದರಲ್ಲಿ ಕೆಂಪು ಬಣ್ಣ, ಯಾವುದರಲ್ಲಿ ನಾಣ್ಯ ಬಿದ್ದ ಸುದ್ದಿ ಎಂಬುದೆಲ್ಲ ಮೊದಲೇ ಗೊತ್ತುಪಡಿಸಿರುತ್ತದೆ. ಯಾವುದೋ ದೇಶದ ಬೋರ್ಡನ್ನು ತಂದು ದಾವಣಗೆರೆಯ ಬಡಗಿ ಮಾಡಿದ ಪೆಟ್ಟಿಗೆಗೆ ಚುಚ್ಚಿದರೂ ಆಟ ನಡೆಯುತ್ತಿದ್ದದ್ದು ಇದರ ದೆಸೆಯಿಂದ. ನಾನು ಆ ಜಡೆಯ ಒಂದು ವೈರನ್ನೂ ಕತ್ತರಿಸಲಿಲ್ಲ. ಜೆ-ಪ್ಯಾಕ್ ಎಂಬ ಪುಟ್ಟ ಕಾರ್ಡೊಂದು ಸಿಗುತ್ತದೆ. ಅದರ ಒಂದು ಅಂಚು ಹಳೆಯ ಕನೆಕ್ಟರಿಗೆ ಕೂರುತ್ತದೆ, ಇನ್ನೊಂದು ಕಡೆ ಕಂಪ್ಯೂಟರಿಗೆ ಜೋಡಣೆಯಾಗುತ್ತದೆ. ಕಂಪ್ಯೂಟರನ್ನು ಬಿಚ್ಚಿ ಹಳೆಯ ಬೋರ್ಡನ್ನು ಮತ್ತೆ ಸಿಕ್ಕಿಸಲು ನನಗೆ ಹತ್ತು ನಿಮಿಷ ಸಾಕು.

ಟಿವಿಯೂ ಹಳೆಯದೇ. ಅಂಗಡಿಯ ಕಾಲದ ಮೆಕ್ಯಾನಿಕ್ಕು ಸಾಮಾನ್ಯ ಕಲರ್ ಟಿವಿಯೊಂದರ ಟ್ಯೂನರನ್ನು ಬದಿಗಿಟ್ಟು, ಕೆಂಪು, ಹಸಿರು, ನೀಲಿ ಸಿಗ್ನಲುಗಳನ್ನು ನೇರವಾಗಿ ಒಳಗೆ ಕೊಟ್ಟಿದ್ದ. ಅದಕ್ಕೆ ಬೇಕಾದದ್ದು ಸುಮಾರು 15 ಕಿಲೋಹರ್ಟ್ಸಿನ ಸಿಗ್ನಲು, ಕಂಪ್ಯೂಟರ್ ಕೊಡುವುದು 31 ಅಥವಾ ಅದಕ್ಕಿಂತ ಹೆಚ್ಚು; ತಪ್ಪಿ ನೇರವಾಗಿ ಕೊಟ್ಟರೆ ಟಿವಿ ಸುಟ್ಟುಹೋಗುವ ಸಾಧ್ಯತೆಯೂ ಇದೆ. ಹಳೆಯ ರೇಡಿಯಾನ್ ಗ್ರಾಫಿಕ್ಸ್ ಕಾರ್ಡೊಂದನ್ನು ಎಸ್.ಪಿ. ರಸ್ತೆಯಲ್ಲಿ ಮೂರು ಶನಿವಾರ ಹುಡುಕಿ ತಂದು, ವಿಶೇಷ ಡ್ರೈವರ್ ಹಾಕಿ, ಅದರ ಮೇಲೆ ಹಳೆಯ ಟಿವಿಗಳಿಗೆ ಒಗ್ಗಿಸಿದ ಗ್ರೂವಿಮೇಮ್ ಎಂಬ ಎಮ್ಯುಲೇಟರ್ ನಡೆಸಿ, 15ಕ್ಕೆ ಇಳಿಸಿದೆ. ಚಿತ್ರದ ಮೇಲ್ಭಾಗ ಮಡಚಿಕೊಂಡಂತೆ ಕಾಣುತ್ತಿತ್ತು. ಎಂದೋ ರಿಪೇರಿ ಅಂಗಡಿ ಮುಚ್ಚಿ ಮನೆಯಲ್ಲಿದ್ದ ಹಿರಿಯ ಟಿವಿ ಮೆಕ್ಯಾನಿಕ್ ಒಬ್ಬರನ್ನು ಆಟೋದಲ್ಲಿ ಕರೆತಂದೆ. ಅವರು ಸ್ಕ್ರೂಡ್ರೈವರಿಗೆ ಅರ್ತ್ ವೈರು ಸುತ್ತಿ, ಟ್ಯೂಬಿನ ರಬ್ಬರ್ ಟೋಪಿಯ ಅಡಿಗೆ ತೂರಿಸಿ, ‘ಟಪ್’ ಎಂದು ಸದ್ದಾದ ಮೇಲೆ, “ಈಗ ಕೈ ಹಾಕಬಹುದು, ಇಪ್ಪತ್ತು ಸಾವಿರ ವೋಲ್ಟು ಇರತ್ತೆ ಸಾರ್, ಆಫ್ ಮಾಡಿದ್ರೂ ಇರತ್ತೆ” ಎಂದರು. ಐದು ಕಂಡೆನ್ಸರ್ ಬದಲಿಸಿದರು, ಮಡಿಕೆ ಹೋಯಿತು. ಇದೆಲ್ಲ ಯಾಕೆ ಎಂದು ಅವರು ಕೇಳಲೇ ಇಲ್ಲ. ಈ ಯಂತ್ರವನ್ನು ನೋಡಿದ ನೂರಾರು ಜನರಲ್ಲಿ ನನಗೆ ಅತ್ಯಂತ ಪ್ರಿಯರಾದವರು ಅವರೇ.

ಇನ್ನು ಆ ಬೋರ್ಡು. ಅದನ್ನು ಸ್ವಚ್ಛ ಮಾಡಿ, ಸ್ಥಾಯೀ ವಿದ್ಯುತ್ ತಡೆಯುವ ಚೀಲದಲ್ಲಿಟ್ಟು, ಬೀರುವಿನಲ್ಲಿ, ಈಗ ನಿಜವಾದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇರಿಸಿದ್ದೇನೆ. ಅದು ನಕಲಿ ಬೋರ್ಡು. ಕ್ಯಾಪ್‌ಕಾಮಿನ ಹೆಸರು ಎಲ್ಲಿಯೂ ಇಲ್ಲ, ಮುಖ್ಯ ಚಿಪ್ಪುಗಳ ಮೇಲಿನ ಬರಹವನ್ನು ಉಜ್ಜಿ ಅಳಿಸಲಾಗಿದೆ. ಅಸಲಿ ಬೋರ್ಡಿನಲ್ಲಿ ಕ್ಯೂಸೌಂಡ್ ಎಂಬ ಪ್ರತ್ಯೇಕ ಧ್ವನಿ ವ್ಯವಸ್ಥೆಯಿತ್ತು. ನನ್ನ ಬೋರ್ಡು ಮಾಡಿದವರು ಅದನ್ನು ಕೈಬಿಟ್ಟು ಅಗ್ಗದ ಚಿಪ್ಪೊಂದರಲ್ಲಿ ಕೆಲಸ ಸಾಗಿಸಿದ್ದಾರೆ. ಹೀಗಾಗಿ, ಎಮ್ಯುಲೇಟರಿನಲ್ಲಿ ಅಸಲಿ ಆಟವನ್ನು ಮೊದಲ ಸಲ ತೆರೆದಾಗ ಅದರ ತುಂಬು ಸಂಗೀತ ಕೇಳಿ ಏನೋ ಕೆಟ್ಟಿದೆಯೆಂದು ಅರ್ಧ ದಿನ ವೈರು ತಡಕಾಡಿದೆ. ನಾನು ಹುಡುಗನಾಗಿದ್ದಾಗ ಕೇಳಿದ್ದು ಆ ಒರಟು, ಹರಿದ ಸದ್ದನ್ನು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿದ ಮೇಮ್ ಎಂಬ ಎಮ್ಯುಲೇಟರ್ ಯೋಜನೆಯವರು ಅಸಲಿ ಬೋರ್ಡುಗಳ ಜೊತೆಗೆ ಇಂಥ ನಕಲಿಗಳನ್ನೂ ಬೇರೆ ಬೇರೆಯಾಗಿ ದಾಖಲಿಸುತ್ತಾರೆ, ಕಳ್ಳಮಾಲೆಂದು ತಳ್ಳಿಹಾಕುವುದಿಲ್ಲ. ಅದನ್ನು ತಿಳಿದ ದಿನ ನನಗೆ ಆದ ಸಂತೋಷವನ್ನು ಹಜಾರದಲ್ಲಿ ಯಾರಿಗೆ ವಿವರಿಸಲಿ?

ಇಲ್ಲಿಯವರೆಗೆ ನಾನು ಬಹಳ ಜವಾಬ್ದಾರಿಯುತ ಮನುಷ್ಯನಂತೆ ಕಾಣುತ್ತಿದ್ದೇನೆ. ಹಾಗಾಗಿ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಯಾರಾದರೂ ಕೇಳಲಿ ಎಂದು ನಾನು ಕಾದಿದ್ದ ಪ್ರಶ್ನೆಯನ್ನು ಒಬ್ಬರು ನಿಜವಾಗಿಯೂ ಕೇಳಿದ್ದರು, ಆಗ ನಾನು ತಪ್ಪು ಉತ್ತರ ಕೊಟ್ಟೆ.

ಮುಸ್ತಫಾಗೆ ಎರಡೇ ಬಟನ್ನು ಸಾಕು, ಒಂದು ಹೊಡೆಯಲು, ಒಂದು ಹಾರಲು. ಸ್ಟ್ರೀಟ್ ಫೈಟರ್ 2ಕ್ಕೆ ಆರು ಬೇಕು. ಆದ್ದರಿಂದ ಕೈ ಇಡುವ ಹಲಗೆಯನ್ನು ಹೊಸದಾಗಿ ಮಾಡಿಸಲು ಬಡಗಿಯೊಬ್ಬರನ್ನು ಕರೆಸಿದೆ. ಹಳೆಯ ಹಲಗೆಯ ಸನ್‌ಮೈಕಾ ಎಡಗಡೆಯ ಜಾಯ್‌ಸ್ಟಿಕ್ಕಿನ ಪಕ್ಕದಲ್ಲಿ, ಆಡುವವರ ಮಣಿಕಟ್ಟು ಉಜ್ಜಿ ಉಜ್ಜಿ, ಬಿದಿಗೆಯ ಚಂದ್ರನ ಆಕಾರಕ್ಕೆ ಮರದವರೆಗೂ ಸವೆದಿತ್ತು. ಅಂಚಿನಲ್ಲಿ ಸಾಲಾಗಿ ಸಿಗರೇಟು ಇಟ್ಟು ಸುಟ್ಟ ಕಲೆಗಳು, ಮೂಲೆಯಲ್ಲಿ ಯಾರೋ ಕೈವಾರದ ಮೊನೆಯಿಂದ ಕೊರೆದ ಎರಡು ಅಕ್ಷರಗಳು. ಅಳತೆ ತೆಗೆದುಕೊಂಡ ಮೇಲೆ ಬಡಗಿ ಆ ಹಲಗೆಯನ್ನು ಗೋಡೆಗೊರಗಿಸಿ, “ಹಳೇದು ಇಟ್ಕೋತೀರಾ ಸಾರ್, ನಾನು ತಗೊಂಡು ಹೋಗ್ಲಾ?” ಎಂದರು. ನನ್ನ ತಲೆಯ ತುಂಬ ಕಿಲೋಹರ್ಟ್ಸು, ಕಂಡೆನ್ಸರು. ತಿರುಗಿಯೂ ನೋಡದೆ, “ತಗೊಂಡು ಹೋಗಿ, ಅದ್ಯಾಕೆ ಬೇಕು” ಎಂದೆ.

ಬೋರ್ಡು, ವೈರು, ಟ್ಯೂಬು, ನಾಣ್ಯ ಹಾಕುವ ಬಾಗಿಲು, ಅದರ ತುಕ್ಕು ಹಿಡಿದ ಬೀಗವನ್ನೂ ಉಳಿಸಿಕೊಂಡವನು ಅದೊಂದನ್ನು ಬಿಟ್ಟೆ. ಹೊಸ ಹಲಗೆ ನುಣುಪಾಗಿ ಬಂದು ಕೂತ ರಾತ್ರಿ, ಮೊದಲ ಆಟ ಆಡುವಾಗ ಎಡಗೈ ಇಡಲು ಜಾಗ ಸಿಗದೆ ಹುಡುಕಿತು. ಮರುದಿನವೇ ಬಡಗಿಗೆ ಫೋನ್ ಮಾಡಿದೆ. ಅವರು ಸಂಕೋಚದಿಂದಲೇ, ಅಷ್ಟರಲ್ಲಿ ಅದನ್ನು ಉದ್ದಕ್ಕೆ ಎರಡು ಸೀಳಾಗಿ ಕೊಯ್ದು, ಯಲಹಂಕದ ಯಾರದೋ ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಕಪಾಟಿಗೆ ಅಡ್ಡಪಟ್ಟಿಯಾಗಿ ಹೊಡೆದದ್ದಾಯಿತೆಂದು ಹೇಳಿ, “ಹಳೇ ಪ್ಲೈವುಡ್ಡು ಸಾರ್, ನೀರು ಬಿದ್ರೂ ಏನಾಗಲ್ಲ, ಬಹಳ ವರ್ಷ ಬರತ್ತೆ” ಎಂದರು.