ಅಪ್ಪಯ್ಯನ ಮಳೆ ಯಾವ ತಾರೀಖಿನದು?

ಪೋಸ್ಟರ್ ಪ್ರಿಂಟ್ ಹಾಕಿಸೋಕೆ ಹೋಗಿದ್ದು ಸಮ್ಮೇಳನದ ಹಿಂದಿನ ರಾತ್ರಿ ಎಂಟೂವರೆಗೆ. ದೊಡ್ಡ ಸೈಜಿನ ಪೇಪರ್ ಖಾಲಿ, ಫ್ಲೆಕ್ಸ್ ಆದ್ರೆ ಈಗ್ಲೇ ಹಾಕಿಕೊಡ್ತೀನಿ ಅಂದ ಅಂಗಡಿ ಹುಡುಗ. ಹ್ಞೂಂ ಅಂದೆ, ಬೇರೆ ದಾರಿ ಇರಲಿಲ್ಲ. ಪಕ್ಕದಲ್ಲಿ ಯಾರದೋ ಹುಟ್ಟುಹಬ್ಬದ ಬ್ಯಾನರ್ ಒಣಗುತ್ತಿತ್ತು. ನನ್ನ ಪಶ್ಚಿಮ ಘಟ್ಟದ ಮಳೆ ನಕ್ಷೆಯೂ ಅದೇ ಹೊಳಪಿನಲ್ಲಿ ಹೊರಗೆ ಬಂತು. ‘ಮೇಡಂ, ಮೂಲೆಗೆ ರಂಧ್ರ ಹೊಡೀಲಾ, ಹಗ್ಗ ಕಟ್ಟೋಕೆ?’ ಅಂತ ಕೇಳಿದ. ಬೇಡಪ್ಪ ಅಂದೆ.

ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಎರಡನೇ ವರ್ಷ. ವಿಷಯ ಮಳೆ. ಮಾರನೇ ದಿನ ಇದ್ದದ್ದು ವಾತಾವರಣ ಮತ್ತು ಸಾಗರ ವಿಜ್ಞಾನ ಓದುವ ವಿದ್ಯಾರ್ಥಿಗಳದ್ದೇ ಸಮ್ಮೇಳನ. ಮಾತಾಡೋರು ವಿದ್ಯಾರ್ಥಿಗಳು, ಅಧ್ಯಕ್ಷತೆ ವಿದ್ಯಾರ್ಥಿಗಳದ್ದು, ಹತ್ತು ನಿಮಿಷ ಆದ ತಕ್ಷಣ ಗಂಟೆ ಹೊಡೆಯೋದೂ ಒಬ್ಬ ವಿದ್ಯಾರ್ಥಿ. ಪ್ರೊಫೆಸರ್‌ಗಳು ಹಿಂದಿನ ಸಾಲಿನಲ್ಲಿ ಕೂರಬೇಕು, ಮೊದಲ ಎರಡು ಪ್ರಶ್ನೆ ವಿದ್ಯಾರ್ಥಿಗಳು ಕೇಳಿದ ಮೇಲಷ್ಟೇ ಅವರ ಸರದಿ. ಈ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ನನ್ನ ನಮಸ್ಕಾರ. ಆಮೇಲೆ ಅದೇ ನಿಯಮ ನನ್ನ ತಲೆ ಮೇಲೆ ಬಿತ್ತು, ಅದು ಬೇರೆ ವಿಷಯ.

ಮೊದಲು ಪೋಸ್ಟರ್ ಏನು ಅಂತ ಹೇಳ್ತೀನಿ. ನಮ್ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಅಪ್ಪಯ್ಯ 22 ವರ್ಷದಿಂದ ದಿನಾ ಮಳೆ ಅಳೆದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಲೆಕ್ಕ ಇಂಚು, ಸೆಂಟಿನಲ್ಲಿ. ಒಂದು ಇಂಚಿಗೆ 100 ಸೆಂಟು. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಆರಿದ್ರಾ, ಪುನರ್ವಸು ಅಂತ ಮಳೆ ನಕ್ಷತ್ರ. ಅವರೇನು ವಿಜ್ಞಾನ ಮಾಡೋಕೆ ಬರೆಯೋದಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಯಾವಾಗ ಹೊಡೆಸೋದು ಅನ್ನೋ ಅಂದಾಜಿಗೆ, ಮತ್ತೆ ಪೇಟೆಯಲ್ಲಿ ಸಿಕ್ಕವರ ಹತ್ರ ‘ನಿಮ್ಮಲ್ಲಿ ಎಷ್ಟು ಬಿತ್ತು?’ ಅಂತ ಪೈಪೋಟಿ ಮಾಡೋಕೆ.

ಆ ನೋಟ್‌ಬುಕ್‌ಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆದು, ಎರಡು ತಿಂಗಳು ಕೂತು ಟೈಪ್ ಮಾಡಿ, ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ, ನಾಸಾದವರು ಕೊಡುವ ಐಮರ್ಗ್ ಅನ್ನೋ ಉಪಗ್ರಹ ಡೇಟಾ ಜೊತೆ ಹೋಲಿಸಿದ್ದೆ. ಅದು ಅರ್ಧ ಗಂಟೆಗೊಂದು ಲೆಕ್ಕ ಕೊಡುತ್ತೆ, ಸುಮಾರು 11 ಕಿಲೋಮೀಟರ್ ಅಗಲದ ಚೌಕಕ್ಕೆ. ನಮ್ಮ ಹವಾಮಾನ ಇಲಾಖೆ ಮಳೆ ಅಳೆಯೋದು ಬೆಳಿಗ್ಗೆ 8.30ಕ್ಕೆ. ಹಿಂದಿನ 24 ಗಂಟೆಯಲ್ಲಿ ಬಿದ್ದದ್ದೆಲ್ಲ ಅಳೆದ ದಿನದ ಲೆಕ್ಕಕ್ಕೆ ಸೇರುತ್ತೆ. ಅಂದ್ರೆ ಜುಲೈ 10ರ ರಾತ್ರಿಯಿಡೀ ಸುರಿದದ್ದು ಕಾಗದದ ಮೇಲೆ ಜುಲೈ 11ರ ಮಳೆ. ನಾನು ಉಪಗ್ರಹದ ಲೆಕ್ಕವನ್ನೂ ಹಾಗೇ 8.30ರಿಂದ 8.30ಕ್ಕೆ ಕೂಡಿಸಿದ್ದೆ. ಜಾಗತಿಕ ಸಮಯದಲ್ಲಿ ಅದು ಸರಿಯಾಗಿ 3 ಗಂಟೆ, ಅರ್ಧ ಗಂಟೆಯ ತುಂಡುಗಳಿಗೆ ನೀಟಾಗಿ ಕೂರುತ್ತೆ. ಈ ನೀಟುತನದ ಬಗ್ಗೆ ನನಗೆ ಸಿಕ್ಕಾಪಟ್ಟೆ ಹೆಮ್ಮೆ ಇತ್ತು.

ಹೋಲಿಸಿ ನೋಡಿದರೆ ವಿಚಿತ್ರ. ದೊಡ್ಡ ಮಳೆ ಬಂದಾಗಲೆಲ್ಲ ನೋಟ್‌ಬುಕ್‌ನಲ್ಲಿ ಒಂದು ದಿನ ಮೊದಲು, ಉಪಗ್ರಹದಲ್ಲಿ ಮಾರನೇ ದಿನ. ಎರಡು ಗೆರೆಗಳೂ ಒಂದೇ ಆಕಾರ, ಒಂದರ ಹಿಂದೆ ಒಂದು. ನಾನು ಇದಕ್ಕೊಂದು ಸಿದ್ಧಾಂತವನ್ನೇ ಕಟ್ಟಿಬಿಟ್ಟೆ. ಘಟ್ಟದ ಮಳೆ ಮೋಡಗಳು ಎಷ್ಟೋ ಸಲ ತಗ್ಗಿನವು. ಮೇಲಿಂದ ನೋಡೋ ಉಪಗ್ರಹಕ್ಕೆ ಬೇಕಾದ ತಣ್ಣನೆಯ ಎತ್ತರದ ತುದಿ, ಮಂಜುಗಡ್ಡೆಯ ಹರಳು ಅವುಗಳಲ್ಲಿ ಕಡಿಮೆ. ಅದಕ್ಕೇ ಅಲ್ಲಿನ ಮಳೆ ಉಪಗ್ರಹಕ್ಕೆ ಕಡಿಮೆ ಕಾಣುತ್ತೆ. ಇಷ್ಟು ನಿಜ. ನಾನು ಇದರ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದೆ: ಮೊದಲು ತಗ್ಗು ಮೋಡ ಸುರಿಯುತ್ತೆ, ಅದು ಕಾಣಲ್ಲ, ಮಾರನೇ ದಿನ ಮೋಡ ಎತ್ತರ ಬೆಳೆದ ಮೇಲೆ ಉಪಗ್ರಹಕ್ಕೆ ಎಚ್ಚರ ಆಗುತ್ತೆ. ಗೈಡ್ ಕೂಡ ‘ಇಂಟರೆಸ್ಟಿಂಗ್’ ಅಂದಿದ್ದರು. ಈ ‘ಇಂಟರೆಸ್ಟಿಂಗ್’ಗೆ ಎಷ್ಟು ಅರ್ಥ ಇದೆ ಅಂತ ಪಿಎಚ್‌ಡಿ ಮಾಡಿದವರಿಗೆಲ್ಲ ಗೊತ್ತು.

ಬೆಳಗಿನ ಮಾತುಗಳಲ್ಲಿ ಅರ್ಧ ನನಗೆ ಅರ್ಥ ಆಗಲಿಲ್ಲ, ಸಮೀಕರಣ ಬಂದ ಕೂಡಲೇ ಪೋಸ್ಟರಿನ ಯೋಚನೆ. ಒಂದು ಮಾತ್ರ ಮರೆಯೋ ಹಾಗಿಲ್ಲ. ವಿಶಾಖಪಟ್ಟಣದಿಂದ ಬಂದಿದ್ದ ಹುಡುಗ ಒಂದು ಗಾಜಿನ ಲೋಟ ತಂದಿದ್ದ. ಕೆಳಗೆ ಉಪ್ಪುನೀರು, ಅದರ ಮೇಲೆ ಚಮಚದ ಬೆನ್ನಿನಿಂದ ಮೆಲ್ಲಗೆ ಸುರಿದ ನೀಲಿ ಬಣ್ಣದ ಸಿಹಿನೀರು. ಸ್ಟ್ರಾ ಹಾಕಿ ಮೇಲ್ಗಡೆ ಊದಿದ. ನೀಲಿ ಅಲ್ಲಾಡಿತು, ಕೆಳಗಿಳಿಯಲಿಲ್ಲ. ಇದೇ ನೋಡಿ ಬಂಗಾಳ ಕೊಲ್ಲಿ ಅಂದ. ಗಂಗಾ, ಬ್ರಹ್ಮಪುತ್ರದ ನೀರು, ಸುರಿಯೋ ಮಳೆ ಎಲ್ಲ ಸೇರಿ ಮೇಲೆ ಹಗುರವಾದ ಪದರ ಆಗಿ ಕೂರುತ್ತೆ. ಗಾಳಿ ಎಷ್ಟೇ ಬೀಸಿದರೂ ಕೆಳಗಿನ ನೀರಿನ ಜೊತೆ ಸುಲಭಕ್ಕೆ ಬೆರೆಯಲ್ಲ. ಹಾಗಾಗಿ ಮೇಲ್ಮೈ ಬೆಚ್ಚಗೇ ಉಳಿಯುತ್ತೆ. ಅರಬ್ಬೀ ಸಮುದ್ರದಲ್ಲಿ ಮುಂಗಾರು ಗಾಳಿ ನೀರನ್ನು ಕಡೆದು ತಣ್ಣಗೆ ಮಾಡಿಬಿಡುತ್ತೆ. ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ದಾಟದೆ ದೊಡ್ಡ ಮೋಡಗಳು ಏಳೋದು ಕಷ್ಟ, ದಾಟಿದ ಮಾತ್ರಕ್ಕೆ ಏಳಲೇಬೇಕು ಅಂತೇನೂ ಇಲ್ಲ. ಇದನ್ನು ಇದೇ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 1984ರಲ್ಲೇ ತೋರಿಸಿದ್ದರು. ಪುಸ್ತಕದಲ್ಲಿ ನಾಲ್ಕು ಸಲ ಓದಿದ್ದೆ. ಲೋಟ ನೋಡಿದ ಮೇಲೇ ತಲೆಗೆ ಹೋಯ್ತು. ಕೊನೆಗೆ ಗಂಟೆ ಹೊಡೆದಾಗ ಆ ಹುಡುಗನ ಕೈ ತಾಗಿ ಬಂಗಾಳ ಕೊಲ್ಲಿ ಮೇಜಿನ ಮೇಲೆಲ್ಲ ಚೆಲ್ಲಿತು.

ಹನ್ನೊಂದೂವರೆಗೆ ಪೋಸ್ಟರ್ ಸಮಯ. ನನ್ನ ಫ್ಲೆಕ್ಸ್ ಬೋರ್ಡಿನ ಪಿನ್ನಿಗೆ ನಿಲ್ಲದೆ ಎರಡು ಸಲ ಕೆಳಗೆ ಬಿತ್ತು. ಬಂದವರು ಕೇಳಿದ್ದು ನಿರೀಕ್ಷೆ ಮಾಡಿದ್ದ ಪ್ರಶ್ನೆಗಳನ್ನೇ. ಒಂದು ತೋಟದ ಅಳತೆಯನ್ನು 11 ಕಿಲೋಮೀಟರ್ ಚೌಕಕ್ಕೆ ಹೋಲಿಸೋದು ಸರೀನಾ? ಕಾಮನಬಿಲ್ಲಿನ ಬಣ್ಣ ಯಾಕೆ ಹಾಕಿದ್ದೀರಿ, ಬಣ್ಣಗುರುಡು ಇರೋರಿಗೆ ಕಾಣಲ್ಲ ಅಲ್ವಾ? ಎಲ್ಲದಕ್ಕೂ ಉತ್ತರ ಬಾಯಿಪಾಠ ಆಗಿತ್ತು.

ಆಮೇಲೆ ಕೊಚ್ಚಿಯಲ್ಲಿ ಎಂಎಸ್ಸಿ ಓದೋ ಒಬ್ಬಳು ಹುಡುಗಿ ಬಂದಳು. ಮಡಿಕೇರಿ ಕಡೆಯವಳು, ಕನ್ನಡದಲ್ಲೇ ಮಾತಾಡಿಸಿದಳು. ನೋಟ್‌ಬುಕ್ಕಿನ ಫೋಟೋವನ್ನು ತುಂಬ ಹೊತ್ತು ನೋಡಿದಳು.

‘ಅಕ್ಕ, ನಮ್ಮ ತಾತನೂ ಕಾಫಿ ತೋಟದಲ್ಲಿ ಹೀಗೇ ಬರೀತಾರೆ. ಇಂಚು, ಸೆಂಟು. ಆದ್ರೆ ಅವರು ಬೆಳಿಗ್ಗೆ ಅಳೆದಿದ್ದನ್ನ ಹಿಂದಿನ ದಿನಕ್ಕೆ ಬರೆಯೋದು. ನಿಮ್ಮನೇಲಿ ಹೇಗೆ?’

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಹೊಟ್ಟೆಯಲ್ಲಿ ಒಂಥರಾ ಆಯ್ತು. ಎರಡು ತಿಂಗಳು ಆ ಪುಟಗಳ ಜೊತೆ ಮಲಗಿ ಎದ್ದಿದ್ದೇನೆ, ಅಪ್ಪಯ್ಯನ ಒಂಬತ್ತು ಮತ್ತು ನಾಲ್ಕರ ವ್ಯತ್ಯಾಸ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ, ಇದೊಂದು ಮಾತ್ರ ಕೇಳಿಯೇ ಇರಲಿಲ್ಲ.

ಕಾರಿಡಾರಿಗೆ ಓಡಿ ಫೋನ್ ಮಾಡಿದೆ. ಆ ಕಡೆ ಹಂಚಿನ ಮೇಲೆ ಮಳೆ ಸದ್ದು, ಈ ಕಡೆ ಬೆಂಗಳೂರಿನ ಸಪ್ಪೆ ಮೋಡ.

‘ಅಪ್ಪಯ್ಯ, ಬೆಳಿಗ್ಗೆ ಮಳೆ ಅಳೆದು ಯಾವ ತಾರೀಖಿಗೆ ಬರೆಯೋದು?’

‘ಎಂಥ ಪ್ರಶ್ನೆಯೇ ಇದು? ನಿನ್ನೆ ಬಿದ್ದಿದ್ದು ನಿನ್ನೆಗೆ. ಇವತ್ತಿಗೆ ಬರೆದ್ರೆ ಸುಳ್ಳಾಗಲ್ವಾ?’

ಇದರಲ್ಲಿ ತಪ್ಪು ಹುಡುಕೋಕೆ ಆಗುತ್ತಾ? ಹವಾಮಾನ ಇಲಾಖೆಯದ್ದು ಒಂದು ಪದ್ಧತಿ, ಅಪ್ಪಯ್ಯನದ್ದು ಒಂದು ಪದ್ಧತಿ. ತಲೆಹರಟೆ ಮಾಡಿದ್ದು ನಾನು, ಕೇಳದೆ.

ಊಟದ ಹೊತ್ತಲ್ಲಿ ಬಿಸಿಬೇಳೆಬಾತಿನ ತಟ್ಟೆ ಒಂದು ಕೈಯಲ್ಲಿ, ಲ್ಯಾಪ್‌ಟಾಪ್ ತೊಡೆ ಮೇಲೆ. ಪ್ರೋಗ್ರಾಂನಲ್ಲಿ ಒಂದೇ ಸಾಲು ಬದಲಾಯಿಸಬೇಕಿತ್ತು, ನೋಟ್‌ಬುಕ್ಕಿನ ತಾರೀಖನ್ನು ಒಂದು ದಿನ ಮುಂದಕ್ಕೆ ತಳ್ಳೋದು. ತಳ್ಳಿದೆ. ಎರಡು ಗೆರೆಗಳೂ ಒಂದರ ಮೇಲೊಂದು ಬಂದು ಕೂತವು. ನನ್ನ ಸಿದ್ಧಾಂತ ಬಾತು ಆರೋದರೊಳಗೆ ಮುಗಿದುಹೋಯ್ತು. ಮಡಿಕೇರಿ ಹುಡುಗಿ ಪಕ್ಕದಲ್ಲೇ ಕೂತಿದ್ದಳು, ಪಾಪ, ‘ಸಾರಿ ಅಕ್ಕ’ ಅಂದಳು. ನನ್ನ ಹಪ್ಪಳ ಅವಳಿಗೆ ಕೊಟ್ಟೆ. ಉಳಿದದ್ದು ಒಂದೇ: ಜೋರು ಮಳೆಯ ದಿನಗಳಲ್ಲಿ ಉಪಗ್ರಹದ ಲೆಕ್ಕ ನೋಟ್‌ಬುಕ್ಕಿಗಿಂತ ಕಡಿಮೆ. ಅದು ಬೇರೆಯವರೂ ಕಂಡಿರೋ ವಿಷಯ, ಹೊಸದಲ್ಲ. ಆದರೆ ಸರಿ ಇದೆ.

ಮಧ್ಯಾಹ್ನ ಪ್ರತಿ ಪೋಸ್ಟರಿನವರಿಗೂ ಮೂರು ನಿಮಿಷ ಮಾತು. ಮಾರ್ಕರ್ ಹಿಡಿದು ಫ್ಲೆಕ್ಸ್ ಮೇಲೆ ಆ ಭಾಗ ಹೊಡೆದುಹಾಕೋಕೆ ಹೋದರೆ ಶಾಯಿ ಹಿಡಿಯಲೇ ಇಲ್ಲ, ಜಾರಿ ಜಾರಿ ಹೋಯ್ತು. ಹಾಗೇ ನಿಂತು ಹೇಳಿದೆ, ಈ ಪೋಸ್ಟರಿನ ಎಡಗಡೆ ಓದಿ, ಬಲಗಡೆ ಇರೋದು ನಮ್ಮಪ್ಪನ ಕ್ಯಾಲೆಂಡರ್ ಅಂತ. ಜೋರಾಗಿ ನಕ್ಕರು. ಒಬ್ಬ ಪುಣೆಯ ಹುಡುಗ ಆಮೇಲೆ ಬಂದು ತನ್ನ ಹತ್ತಿರ ಇರೋ ಒಂದು ಹಳೇ ಎಸ್ಟೇಟ್ ಡೇಟಾದ ತಾರೀಖೂ ನೋಡಬೇಕು ಅಂದ, ಮುಖ ಸ್ವಲ್ಪ ಬಿಳಿಚಿತ್ತು. ಹಿಂದಿನ ಸಾಲಿನಲ್ಲಿದ್ದ ಗೈಡ್ ಈ ಸಲ ‘ಇಂಟರೆಸ್ಟಿಂಗ್’ ಅನ್ನಲಿಲ್ಲ, ಬಂದು ಟೀ ಕುಡಿಯೋಣ ನಡಿ ಅಂದರು.

ರಾತ್ರಿ ಅಪ್ಪಯ್ಯನೇ ಫೋನ್ ಮಾಡಿದರು. ಮಧ್ಯಾಹ್ನದಿಂದ ಅದನ್ನೇ ಯೋಚನೆ ಮಾಡ್ತಾ ಇದ್ದರಂತೆ.

‘ನಿಂಗೆ ತೊಂದ್ರೆ ಆಗೋದಾದ್ರೆ ನಾಳೆಯಿಂದ ಅಳೆದ ದಿನಕ್ಕೇ ಬರೀಲಾ?’

‘ಅಯ್ಯೋ ಬೇಡ ಬೇಡ!’ ಅಂತ ಕೂಗಿದ್ದಕ್ಕೆ ಹಾಸ್ಟೆಲಿನ ಪಕ್ಕದ ರೂಮಿನವಳು ಬಾಗಿಲು ತೆಗೆದಳು. 22 ವರ್ಷ ಒಂದು ಥರ ಬರೆದು ನಾಳೆಯಿಂದ ಇನ್ನೊಂದು ಥರ ಬರೆದರೆ ಮುಂದೆ ಟೈಪ್ ಮಾಡೋಳ ಗತಿ?

ಫ್ಲೆಕ್ಸ್ ಸುತ್ತಿಕೊಂಡು ಮುಂದಿನ ವಾರ ಊರಿಗೆ ಹೋದೆ. ಅಪ್ಪಯ್ಯ ಅದನ್ನು ಜಗಲಿಯಲ್ಲಿ ಬಿಡಿಸಿ, ತಮ್ಮ ಅಕ್ಷರ ಅಷ್ಟು ದೊಡ್ಡದಾಗಿ ಅಚ್ಚಾಗಿರೋದನ್ನು ಕನ್ನಡಕ ಹಾಕಿ ನೋಡಿದರು, ಒಳ್ಳೇ ದಪ್ಪ ಇದೆ ಅಂದರು. ಈಗ ಅದು ಕೊಟ್ಟಿಗೆ ಪಕ್ಕದ ಕಟ್ಟಿಗೆ ರಾಶಿ ಮೇಲಿದೆ. ಹಗ್ಗ ಕಟ್ಟೋಕೆ ಮೂಲೆಗೆ ರಂಧ್ರ ಇಲ್ಲದ್ದಕ್ಕೆ ನಾಲ್ಕು ಕಲ್ಲು ಹೇರಿದ್ದಾರೆ.