ತುಮಕೂರಿನಿಂದ ಒಂದು ಸೆಮಿಸ್ಟರ್ ಜರ್ಮನಿಗೆ ಹೊರಡುವ ಮುನ್ನ

ವಿದ್ಯಾರ್ಥಿ ವಿನಿಮಯದ ಎಕ್ಸ್‌ಚೇಂಜ್‌ಗೆ ಆಯ್ಕೆಯಾದ ಮೇಲ್ ಬಂದ ದಿನ ಮನೆಯಲ್ಲಿ ಮೊದಲು ಮಾತಿಗೆ ಬರುವುದು ಸ್ವೆಟರ್, ಸೂಟ್‌ಕೇಸ್, ಚಟ್ನಿಪುಡಿ. ಅವೆಲ್ಲ ಕೊನೆಯ ವಾರದ ಕೆಲಸ. ಆವತ್ತೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಬೇಕು. ನಮ್ಮ ಕಡೆಯ ಅಂಕಪಟ್ಟಿಗಳಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಬರೆದಿರುತ್ತಾರೆ. ನಮಗೆ ಇದು ಮಾಮೂಲು. ಅಲ್ಲಿಯ ಅಧಿಕಾರಿಯ ಕಣ್ಣಿಗೆ ಇಬ್ಬರು ಬೇರೆ ಬೇರೆ ಜನ. ಎರಡೂ ಹೆಸರು ಒಬ್ಬರದೇ ಎಂದು ಇಂಗ್ಲಿಷಿನಲ್ಲಿ ನೋಟರಿ ಅಫಿಡವಿಟ್ ಮಾಡಿಸಿಡಿ. ಅರ್ಜಿ, ವಿಮೆ, ಟಿಕೆಟ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಬರೆಯಿರಿ.

ಪಾಸ್‌ಪೋರ್ಟ್ ಇನ್ನೂ ಇಲ್ಲದವರು ವಿಳಾಸದ ಬಗ್ಗೆ ಎಚ್ಚರ ವಹಿಸಿ. ಹಾಸ್ಟೆಲ್ ವಿಳಾಸ ಕೊಟ್ಟು, ಪೊಲೀಸ್ ವೆರಿಫಿಕೇಶನ್ ಹೊತ್ತಿಗೆ ರಜೆಗೆಂದು ಪಾವಗಡಕ್ಕೋ ಮಧುಗಿರಿಗೋ ಹೋಗಿಬಿಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹೆಚ್ಚು ಸಮಯ ಬೇಡುವುದು ಕ್ರೆಡಿಟ್ ಹೊಂದಾಣಿಕೆ. ಯುರೋಪಿನ ಲೆಕ್ಕದಲ್ಲಿ ಒಂದು ಸೆಮಿಸ್ಟರ್‌ಗೆ 30 ಇಸಿಟಿಎಸ್ (ಅಲ್ಲಿಯ ಕ್ರೆಡಿಟ್ ಅಳತೆ). ಒಂದು ಇಸಿಟಿಎಸ್ ಅಂದರೆ ತರಗತಿ, ಮನೆಯ ಓದು, ಪರೀಕ್ಷೆ ಸೇರಿ 25ರಿಂದ 30 ಗಂಟೆಯ ಕೆಲಸ. ನಮ್ಮಲ್ಲಿ ಕ್ರೆಡಿಟ್ ಎಣಿಸುವುದು ವಾರದ ಪಾಠದ ಗಂಟೆಗಳ ಮೇಲೆ, ಹಾಗಾಗಿ ಅಂಕಿಗೆ ಅಂಕಿ ಕೂರುವುದಿಲ್ಲ. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ, ಎಷ್ಟು ಕ್ರೆಡಿಟ್‌ಗೆ ಎಂದು ಕೋಷ್ಟಕ ಮಾಡಿ, ಸಿಲಬಸ್ ಲಗತ್ತಿಸಿ, ವಿಭಾಗದ ಮುಖ್ಯಸ್ಥರಿಂದಲೂ ಪರೀಕ್ಷಾ ವಿಭಾಗದಿಂದಲೂ ಹೊರಡುವ ಮೊದಲೇ ಸಹಿ ಪಡೆಯಿರಿ. 'ಹೋಗಿ ಬಾ, ಆಮೇಲೆ ನೋಡೋಣ' ಎಂಬ ಬಾಯಿಮಾತು ನಂಬಿದವರು ಮರಳಿ ಬಂದು ಅದೇ ವಿಷಯದ ಪರೀಕ್ಷೆಗೆ ಮತ್ತೆ ಕೂರಬೇಕಾಗುತ್ತದೆ. ಎರಡು ವಿಷಯ ಹೆಚ್ಚಿಗೆ ಆರಿಸಿಟ್ಟುಕೊಳ್ಳಿ. ಕೆಲವು ಪಾಠ ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ, ಕೆಲವು ಬೇಸಿಗೆಯ ಸೆಮಿಸ್ಟರ್‌ನಲ್ಲಿ ಮಾತ್ರ ಇರುತ್ತವೆ.

ತಾರೀಖೂ ಕಾಡುತ್ತದೆ. ಅಲ್ಲಿಯ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ಫೆಬ್ರುವರಿ ಮಧ್ಯದವರೆಗೂ ನಡೆಯುತ್ತದೆ, ಪರೀಕ್ಷೆ ಅದರ ಆಚೀಚೆ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿದ್ದರೆ ವಿಟಿಯು (ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ) ಕೇಳುವ ಶೇ. 85ರ ಹಾಜರಾತಿ ಕೈತಪ್ಪುತ್ತದೆ. ತಡವಾಗಿ ಸೇರಲು ಅನುಮತಿಪತ್ರವನ್ನೂ ಈಗಲೇ ಬರೆಸಿಕೊಳ್ಳಿ.

90 ದಿನ ಮೀರಿದ ವಾಸಕ್ಕೆ ಷೆಂಗೆನ್ ಪ್ರವಾಸಿ ವೀಸಾ ಸಾಲದು, ಡಿ ವರ್ಗದ ರಾಷ್ಟ್ರೀಯ ವೀಸಾ ಬೇಕು. ಅದಕ್ಕೆ ಹಣದ ಪುರಾವೆ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಇದರ ಲೆಕ್ಕ ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952. ಬ್ಲಾಕ್ಡ್ ಅಕೌಂಟ್‌ಗೆ (ಹಣ ತಡೆಹಿಡಿದು ತಿಂಗಳ ಕಂತಿನಲ್ಲಿ ಬಿಡುವ ಖಾತೆ) ಸರಿಯಾಗಿ ಇಷ್ಟೇ ಕಳಿಸಿದರೆ ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕು ಶುಲ್ಕ ಮುರಿದುಕೊಂಡು ಮೊತ್ತ ಕಡಿಮೆ ಬೀಳುತ್ತದೆ, ಖಾತೆಯ ದೃಢೀಕರಣ ಪತ್ರವೂ ತಡೆಯಾಗುತ್ತದೆ. ಐವತ್ತು ಯೂರೋ ಹೆಚ್ಚಿಗೆ ಕಳಿಸಿ, ಶುಲ್ಕವೆಲ್ಲ ಕಳಿಸುವವರದೇ ಎಂದು ಅರ್ಜಿಯಲ್ಲಿ ಗುರುತು ಹಾಕಿ. ವಿದೇಶಿ ವಿನಿಮಯ ಎಲ್ಲ ಶಾಖೆಗಳಲ್ಲೂ ಇರುವುದಿಲ್ಲ. ಸಣ್ಣ ಶಾಖೆಯಿಂದ ಕಾಗದ ಬೆಂಗಳೂರಿಗೆ ಹೋಗಿ ಬರುವ ದಿನಗಳನ್ನೂ ಸೇರಿಸಿಕೊಳ್ಳಿ.

ಆ ಹಣ ಇಳಿದ ದಿನವೇ ಕೈಗೆ ಸಿಗುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆಯೇ ತಿಂಗಳ ಕಂತು ಬರುವುದು. ಮೊದಲ ಬಾಡಿಗೆಗೂ ಮನೆಯ ಅಡ್ವಾನ್ಸ್‌ಗೂ ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡು) ಬೇರೆ ಹಣ ಇರಲಿ. ಒಟಿಪಿ ಬರಬೇಕಲ್ಲ, ಇಲ್ಲಿಯ ಸಿಮ್‌ಗೆ ರೋಮಿಂಗ್ ಇಲ್ಲೇ ಚಾಲೂ ಮಾಡಿಸಿ.

ಇನ್ನು ತಿನಿಸು. ನಮ್ಮ ಜಿಲ್ಲೆಯವರು ಎಡವುವುದು ತಿಪಟೂರು ಕೊಬ್ಬರಿಯಲ್ಲಿ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿಯನ್ನು ವಿಮಾನಯಾನದ ನಿಯಮ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿಸಿದೆ. ಚೀಲ ತೆಗೆಸಿ ಕೊಬ್ಬರಿ ಇರಿಸಿಕೊಳ್ಳುತ್ತಾರೆ. ತುಪ್ಪ, ಖೋವಾ, ಹಾಲಿನ ಸಿಹಿತಿಂಡಿಗೆ ಐರೋಪ್ಯ ಒಕ್ಕೂಟದ ಗಡಿಯಲ್ಲೇ ತಡೆ. ಅಜ್ಜಿ ಪ್ರೀತಿಯಿಂದ ಕಾಸಿಟ್ಟ ತುಪ್ಪವನ್ನು ಬೇಡ ಎನ್ನುವುದು ಕಷ್ಟ, ಆದರೂ ಹೇಳಲೇಬೇಕು. ರಾಗಿ ಹಿಟ್ಟು, ಹುರಿಹಿಟ್ಟು, ಸಾರಿನ ಪುಡಿಗೆ ತೊಂದರೆಯಿಲ್ಲ. ಎರಡೆರಡು ಕವರ್ ಹಾಕಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ದೊಡ್ಡ ಸೂಟ್‌ಕೇಸಿಗೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿ, ಮೂಲ ಕಾಗದಗಳ ಫೈಲಿನ ಜೊತೆ.